ನೋಡಿದವರು ಬರೆಯಬೇಕು

"ನಾಳೆ ಯಾವುದು?"

ಶನಿವಾರ ಸಂಜೆ ದೀಪ ಹಾಕುವ ಹೊತ್ತಿಗೆ ಆ ಮನೆಯಲ್ಲಿ ಈ ಪ್ರಶ್ನೆ ಏಳಲೇಬೇಕು. ಕೇಳುವವರು ಅಮ್ಮ. ಆಕೆ ಮೇಷ್ಟ್ರ ಹೆಂಡತಿ. ಅಳಿಯನೂ ಅಮ್ಮ ಎಂದೇ ಕರೆಯುವುದರಿಂದ ನಾವೂ ಹಾಗೆ ಕರೆದರೆ ತಪ್ಪಿಲ್ಲ. ಆಕೆ ಕೇಳುವುದು ನಾಳೆಯ ಅಡುಗೆಯ ವಿಷಯವಲ್ಲ. ಅಡುಗೆಯ ವಿಷಯ ಆ ಮನೆಯಲ್ಲಿ ಯಾರೂ ಯಾರನ್ನೂ ಕೇಳಿದ್ದಿಲ್ಲ, ಬಡಿಸಿದ್ದನ್ನು ತಿಂದು ಏಳುತ್ತಾರೆ. ನಾಳೆ ಬಯಲಿಗೆ ಯಾವ ವಿಮಾನ ಹೋಗಬೇಕು ಎಂಬುದೇ ಪ್ರಶ್ನೆ. ಮಗಳ ಕಾರಿನ ಹಿಂದಿನ ಸೀಟಿನಲ್ಲಿ ಜಾಗವಿರುವುದು ಒಂದಕ್ಕೆ ಮಾತ್ರ.

ವಿಮಾನಗಳು ಮೂರು. ಮೂರೂ ರಿಮೋಟಿನಲ್ಲಿ ಹಾರುವಂಥವು. ಹಗುರ ಮರವನ್ನು ಕೊರೆದು, ಅಂಟಿಸಿ, ಮೇಲೆ ಬಣ್ಣದ ಪ್ಲಾಸ್ಟಿಕ್ ಹಾಳೆ ಹಾಸಿ, ಅಮ್ಮನ ಇಸ್ತ್ರಿ ಪೆಟ್ಟಿಗೆಯ ಬಿಸಿಯಲ್ಲಿ ಅದನ್ನು ಬಿಗಿ ಮಾಡಿ, ಮೇಷ್ಟ್ರೇ ಕೂತು ಕಟ್ಟಿದವು. ಆ ಇಸ್ತ್ರಿ ಪೆಟ್ಟಿಗೆ ಯಾರದು ಎಂಬ ಜಗಳಕ್ಕೆ ಮದುವೆಯಷ್ಟೇ ವಯಸ್ಸು. ಎಲ್ಲಕ್ಕಿಂತ ಹಳೆಯದು ಅಜ್ಜಿ: ಹಳದಿ ಬಣ್ಣ, ಅಗಲ ರೆಕ್ಕೆ, ಬೈದರೂ ಅವಸರ ಮಾಡದ ಸ್ವಭಾವ. ಕೆಂಪಗಿರುವುದು ಚಂಡಿ, ಬೆರಳು ಅಲುಗಿದರೆ ಸಾಕು, ತಲೆಕೆಳಗಾಗುತ್ತಾಳೆ. ಮೂರನೆಯದು ಮದುಮಗಳು. ಎರಡು ವರ್ಷ ಹಿಡಿಯಿತು ಕಟ್ಟಲು. ಬೀರುವಿನ ಮೇಲೆ ಬಿಳಿ ದುಪ್ಪಟಿ ಹೊದ್ದು ಮಲಗಿದ್ದಾಳೆ, ಇನ್ನೂ ಒಮ್ಮೆಯೂ ಹಾರಿಲ್ಲ. ಅವಳನ್ನು ಮೊದಲ ಸಲ ಮೇಲೇರಿಸುವುದು ತಮ್ಮ ಕೈಯೇ ಎಂದು ಮೇಷ್ಟ್ರು ಎಂದೋ ಸಾರಿ ಆಗಿದೆ.

ಮೇಷ್ಟ್ರು ಎಂದರೆ ಪಾಠ ಹೇಳಿದವರಲ್ಲ. ನಲವತ್ತು ವರ್ಷ ಹಲ್ಲಿನ ಸೆಟ್ಟು ಮಾಡಿದವರು. ಡಾಕ್ಟರು ಬಾಯಿಯ ಅಚ್ಚು ಕಳಿಸುತ್ತಿದ್ದರು, ಇವರು ಮೇಣದಲ್ಲಿ ಒಸಡು ತಿದ್ದಿ ಹಲ್ಲು ಕೂರಿಸುತ್ತಿದ್ದರು. "ಈ ಊರಿನ ಅರ್ಧ ಮುದುಕರು ನಗೋದು ನನ್ನ ಕೈಯಿಂದ" ಎನ್ನುವುದು ಅವರ ಜಂಬ. ಸುಳ್ಳೇನಲ್ಲ. ಈಗಲೂ ಹಿತ್ತಿಲ ಕೋಣೆಯಲ್ಲಿ ವಾರಕ್ಕೆ ಒಂದೆರಡು ಸೆಟ್ಟು ಮಾಡುತ್ತಾರೆ. ಮಗಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಅಳಿಯ ಬೇಕರಿಯಲ್ಲಿ ಬ್ರೆಡ್ಡು ಬೇಯಿಸುತ್ತಾನೆ. ಬೆಳಗಿನ ಪಾಳಿ ಮುಗಿಸಿ ಬಂದು ಮಧ್ಯಾಹ್ನವೆಲ್ಲ ಆಕಳಿಸುತ್ತಾನೆ.

ಆ ಮನೆಗೆ ಒಂದು ಕಟ್ಟಳೆಯಿತ್ತು. ಅಜ್ಜಿಯ ರೆಕ್ಕೆಯ ಅಡಿಯಲ್ಲಿ ಅಂಗೈ ಅಗಲದಷ್ಟು ಮರಕ್ಕೆ ಹಾಳೆ ಹೊದಿಸಿರಲಿಲ್ಲ. ವಿಮಾನ ನೆಲ ಮುಟ್ಟಿದ್ದೇ ಗೊತ್ತಾಗದ ಹಾಗೆ ಇಳಿದರೆ, ಆ ದಿನದ ತಾರೀಕನ್ನು ಪೆನ್ಸಿಲಿನಲ್ಲಿ ಅಲ್ಲಿ ಬರೆಯಬೇಕು. ಇಳಿಸಿದವರು ಬರೆಯುವ ಹಾಗಿಲ್ಲ, ನೋಡಿದವರು ಬರೆಯಬೇಕು. "ತನ್ನ ಬೆನ್ನು ತಾನೇ ತಟ್ಕೊಳ್ಳೋಕೆ ಕೈ ಎಟುಕಲ್ಲ" ಎಂದು ಮೇಷ್ಟ್ರೇ ಮಾಡಿದ ನಿಯಮ. ಇಪ್ಪತ್ತಮೂರು ವರ್ಷದಲ್ಲಿ ಹದಿನಾಲ್ಕು ತಾರೀಕುಗಳಿದ್ದವು. ಮೊದಲನೆಯದು ಮೇಷ್ಟ್ರ ಉರುಟು ಅಕ್ಷರದಲ್ಲಿತ್ತು: "ಮಗಳು. ತಾನೇ ಇಳಿಸಿದಳು." ಆಗ ಅವಳಿಗೆ ಹನ್ನೊಂದು ವರ್ಷ. ಅಮ್ಮ ಅವತ್ತು ಬೀದಿಗೆಲ್ಲ ಸಕ್ಕರೆ ಹಂಚಿದ್ದರು. ಸ್ಟೇರಿಂಗ್ ಮುಟ್ಟಲು ಹೆದರಿ ಅಳುವ ಪ್ರತಿಯೊಬ್ಬ ಶಿಷ್ಯೆಗೂ ಮಗಳು ಇವತ್ತಿಗೂ ಆ ಕಥೆ ಹೇಳುತ್ತಾಳೆ.

ಗಾಳಿ ಕೆಟ್ಟದ್ದು ಒಂದು ಭಾನುವಾರ. ಚಂಡಿ ಎಡಕ್ಕೆ ಹೊರಳಿದವಳು ಮೇಷ್ಟ್ರ ಕಣ್ಣಿಗೆ ಕಾಣದೇ ಹೋದಳು. ಆಕಾಶದ ಬಲಭಾಗವನ್ನು ಹುಡುಕುತ್ತ ಅವರು ನಿಂತಿರುವಾಗಲೇ ಅವಳು ಬಂದು ಜನ ಚಹಾ ಕುಡಿಯುತ್ತಿದ್ದ ತಾಡಪಾಲನ್ನು ಹರಿದು ಫ್ಲಾಸ್ಕಿನ ಮೇಲೆ ಬಿದ್ದಳು. ಯಾರಿಗೂ ಏಟಾಗಲಿಲ್ಲ. "ಸಿಗ್ನಲ್ ಹೋಯ್ತು" ಎಂದರು ಮೇಷ್ಟ್ರು. ಯಾರೂ ಎದುರಾಡಲಿಲ್ಲ. ಆದರೆ ವಿಮಾನ ಹಾರಿಸುವವರ ಕ್ಲಬ್ಬಿನ ಸೆಕ್ರೆಟರಿ, ಹಾರ್ಡ್‌ವೇರ್ ಅಂಗಡಿಯವನು, ಮಗಳನ್ನು ಕಾರಿನ ಮರೆಗೆ ಕರೆದ.

"ನೋಡಮ್ಮ, ನಿಮ್ಮಪ್ಪ ಅಂದ್ರೆ ನಮಗೆಲ್ಲ ಗೌರವ. ಆದ್ರೆ ಅವರಿಗೆ ಪಕ್ಕದ್ದು ಕಾಣ್ತಿಲ್ಲ. ಇವತ್ತು ಫ್ಲಾಸ್ಕು, ನಾಳೆ ಯಾರದ್ದೋ ತಲೆ. ಒಂದೋ ಅವರು ಬರೋದು ನಿಲ್ಲಲಿ, ಇಲ್ಲಾ ನೀನು ಜೋಡಿ ರಿಮೋಟು ಹಿಡ್ಕೊ."

ಜೋಡಿ ರಿಮೋಟು ಎಂದರೆ ಕಲಿಯುವವರಿಗೆ ಇರುವ ಏರ್ಪಾಡು. ಒಂದು ಗುರುವಿನ ಕೈಯಲ್ಲಿ, ಒಂದು ಶಿಷ್ಯನ ಕೈಯಲ್ಲಿ. ವಿಮಾನ ಕೇಳುವುದು ಗುರುವಿನ ರಿಮೋಟಿನ ಮಾತನ್ನು ಮಾತ್ರ. ಗುರು ಒಂದು ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಶಿಷ್ಯನ ಆಟ ನಡೆಯುತ್ತದೆ. ಗುಂಡಿ ಬಿಟ್ಟನೋ, ವಿಮಾನ ಗುರುವಿನದು. ಶಿಷ್ಯ ಸುಮ್ಮನೆ ರಿಮೋಟಿನ ಕಡ್ಡಿ ಅಲ್ಲಾಡಿಸುತ್ತಿರಬಹುದು. ಮಗಳು ಚಿಕ್ಕಂದಿನಲ್ಲಿ ಕಲಿತದ್ದೂ ಮೇಷ್ಟ್ರ ಪಕ್ಕ ಹಾಗೆ ನಿಂತೇ.

ಅವತ್ತು ಮಧ್ಯಾಹ್ನ ಮೇಷ್ಟ್ರು ಮಲಗಿದ್ದಾಗ ಅಡುಗೆಮನೆಯಲ್ಲಿ ಸಭೆ ಸೇರಿತು.

"ಅಪ್ಪಂಗೆ ಹೇಳೋರು ಯಾರು?" ಎಂದಳು ಮಗಳು.

"ನಾನಂತೂ ಅಲ್ಲ," ಎಂದರು ಅಮ್ಮ. "ಕಣ್ಣು ತೋರಿಸ್ಕೊಳ್ಳಿ ಅಂತ ಒಂದು ಮಾತು ಅಂದಿದ್ದಕ್ಕೆ ಎರಡು ದಿನ ಊಟ ಬಿಟ್ಟಿದ್ರು. ಎಡಗಡೆ ಲೋಟ ಇಟ್ರೆ ಉರುಳಿಸ್ತಾರೆ ಅಂತ ಈಗ ಬಲಗಡೆ ಇಡ್ತಿದೀನಿ. ಇನ್ನೂ ಗೊತ್ತಾಗಿಲ್ಲ ಅವರಿಗೆ."

"ಮಾವಂಗೆ ನೇರ ಹೇಳ್ಬಿಡೋದು ಒಳ್ಳೇದು," ಎಂದ ಅಳಿಯ ಬ್ರೆಡ್ಡು ಅಗಿಯುತ್ತ.

"ಹಾಗಾದ್ರೆ ನೀವೇ ಹೇಳಿ."

ಅಳಿಯ ಇನ್ನೊಂದು ತುಂಡು ಬಾಯಿಗಿಟ್ಟುಕೊಂಡ. ಬಾಯಿ ತುಂಬಿದವನು ಮಾತಾಡುವುದಾದರೂ ಹೇಗೆ?

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಹೊರಟವರಿಗೆ ದಾರಿಯೊಂದು ಸಿಕ್ಕೇ ಸಿಗುತ್ತದೆ. ಅಜ್ಜಿಯ ಹೊಟ್ಟೆಯೊಳಗೆ ರಿಮೋಟಿನ ಮಾತು ಕೇಳಿಸಿಕೊಳ್ಳುವ ಹಳೆಯ ರಿಸೀವರ್ ತೆಗೆದು ಮಗಳು ಹೊಸದು ಹಾಕಿ, ಅದನ್ನು ತನ್ನ ರಿಮೋಟಿಗೆ ಕಟ್ಟಿದಳು. "ಸಿಗ್ನಲ್ ಹೋಗುತ್ತೆ ಅಂದ್ಯಲ್ಲ ಅಪ್ಪಾ, ಅದಕ್ಕೆ" ಎಂದಳು. ಅವರು ಹೇಳಿದ ನೆಪವನ್ನೇ ಅವರಿಗೆ ತಿರುಗಿಸಿ ಕೊಟ್ಟಳು. ಅವರು ಬೇಡ ಎನ್ನುವುದಾದರೂ ಹೇಗೆ? ಬಯಲಿನಲ್ಲಿ ತಾನೂ ಒಂದು ರಿಮೋಟು ಕೊರಳಿಗೆ ಹಾಕಿಕೊಂಡು ಅವರ ಪಕ್ಕ ನಿಂತಳು. "ಬ್ಯಾಟರಿ ಎಷ್ಟಿದೆ ಅಂತ ನನ್ನದ್ರಲ್ಲಿ ಕಾಣುತ್ತೆ. ಕೂಗಿ ಹೇಳ್ತಿರ್ತೀನಿ." ಅದೂ ಅರ್ಧ ನಿಜವೇ.

ಆಮೇಲಿನ ಕೆಲಸವೆಂದರೆ ಪ್ರತಿ ಶನಿವಾರ ಸಂಜೆ ಆ ಪ್ರಶ್ನೆಗೆ ಅಜ್ಜಿ ಎಂಬ ಉತ್ತರವೇ ಬರುವ ಹಾಗೆ ನೋಡಿಕೊಳ್ಳುವುದು. ಚಂಡಿಯ ವೇಗಕ್ಕೆ ಮಗಳ ಬೆರಳೂ ಸಾಲದು. ಮದುಮಗಳ ಹೊಟ್ಟೆ ಬಿಚ್ಚಿದರೆ ಮೇಷ್ಟ್ರಿಗೆ ಗೊತ್ತಾಗದೇ ಇರದು.

ಮೊದಲ ಶನಿವಾರ ಮಗಳು ಗಾಳಿಯ ಮೇಲೆ ಹಾಕಿದಳು. ಎರಡನೆಯ ಶನಿವಾರ ಬ್ಯಾಟರಿ ಉಬ್ಬಿದೆ ಎಂದಳು. ಮೂರನೆಯ ಶನಿವಾರ ಮೇಷ್ಟ್ರು ಹಟ ಹಿಡಿದರು.

"ಏನೇ ಆಗ್ಲಿ, ನಾಳೆ ಚಂಡಿ. ಮುರಿದಿದ್ದೆಲ್ಲ ಅಂಟಿಸಿ ಆಯ್ತು. ಅಜ್ಜೀನ ಹಾರಿಸಿ ಹಾರಿಸಿ ನನಗೇ ಮಂಡಿ ನೋವು ಬರ್ತಿದೆ."

ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ಇಸ್ತ್ರಿ ಮಾಡುತ್ತಿದ್ದರು. ಹತ್ತು ನಿಮಿಷದ ಮೇಲೆ ಹಜಾರದಿಂದ "ಅಯ್ಯಯ್ಯೋ!" ಎಂಬ ಕೂಗು ಬಂತು. ಚಂಡಿಯ ರೆಕ್ಕೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಕೂತಿತ್ತು. ಹಾಳೆ ಸುಟ್ಟು ಅಂಗೈಯಷ್ಟು ತೂತು.

"ಅಂಗಿ ಅಂದ್ಕೊಂಡು ಇಟ್ಟೆನಲ್ರೀ! ಕೆಂಪಂಗಿ ಪಕ್ಕದಲ್ಲೇ ಇತ್ತು."

ಮೇಷ್ಟ್ರು ಬೈಯಲಿಲ್ಲ. ಅಮ್ಮನ ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. "ನಿನ್ನ ಕೈ ಸುಟ್ಟಿಲ್ಲ ತಾನೆ? ಹೋಗ್ಲಿ ಬಿಡು. ವಯಸ್ಸಾಯ್ತು ನಿನಗೆ, ಕಣ್ಣು ತೋರಿಸ್ಕೊ." ಅಮ್ಮ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಒಂದೇ ತಟ್ಟೆ ತೊಳೆದರು.

ಆ ಭಾನುವಾರವೇ ಇನ್ನೊಂದು ಕೇಡೂ ನಡೆಯಿತು. ಅಜ್ಜಿ ಕೆಳಗೆ ಬರುವಾಗ ಎಂದಿನಂತೆ ಮಗಳು ಗುಂಡಿ ಬಿಟ್ಟಳು. ಗಾಳಿ ನಿಂತಿತ್ತು, ಕೈ ಹದವಾಗಿತ್ತು, ಅಜ್ಜಿ ಹುಲ್ಲಿನ ತುದಿ ಸವರಿಕೊಂಡು ಬಂದು ಯಾವಾಗ ನೆಲ ಮುಟ್ಟಿದಳೋ ಯಾರಿಗೂ ತಿಳಿಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಸೆಕ್ರೆಟರಿಯಂತೂ ಎದ್ದು ನಿಂತ. ಮೇಷ್ಟ್ರು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಮಗಳ ಕಡೆ ಚಾಚಿದರು. ಅವರ ಕಣ್ಣಲ್ಲಿ ನೀರಿತ್ತು.

"ನೋಡಿದೆಯಲ್ಲ? ಬರಿ."

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಮಗಳು ಪೆನ್ಸಿಲ್ ತೆಗೆದುಕೊಂಡು ತಾರೀಕು ಬರೆದಳು. "ಅಪ್ಪ" ಎಂದೂ ಬರೆದಳು.

ಒಂದು ಬರೆದ ಕೈ ಎರಡನೆಯದಕ್ಕೆ ನಡುಗುವುದಿಲ್ಲ. ಆರು ಭಾನುವಾರಗಳಲ್ಲಿ ನಾಲ್ಕು ತಾರೀಕುಗಳಾದವು. ಮೇಷ್ಟ್ರು ನಡೆಯುವ ಧಾಟಿಯೇ ಬದಲಾಯಿತು. ಹಿತ್ತಿಲ ಕೋಣೆಯಲ್ಲಿ ಮೇಣ ಕರಗಿಸುತ್ತ ಸಿಳ್ಳೆ ಹಾಕಿದರು. "ಇಪ್ಪತ್ತಮೂರು ವರ್ಷಕ್ಕೆ ಹದಿನಾಲ್ಕು, ಆರು ವಾರಕ್ಕೆ ನಾಲ್ಕು! ಕೈ ಮಾಗ್ತಾ ಇದೆ ಕಣೇ. ಮುಂದಿನ ತಿಂಗಳು ಮದುಮಗಳ ದುಪ್ಪಟಿ ತೆಗೆಯೋದೇ." ಊಟಕ್ಕೆ ಕೂತಾಗ ಅಳಿಯನಿಗೆ ತಾವೇ ಮೊಟ್ಟೆ ಬಡಿಸಿದರು. ಅಳಿಯ ತಲೆ ಎತ್ತದೆ ತಿಂದ.

ಏಳನೆಯ ಭಾನುವಾರ ಮಗಳ ಶಿಷ್ಯರಿಗೆ ಲೈಸೆನ್ಸ್ ಪರೀಕ್ಷೆ ಬಿತ್ತು. "ಈ ವಾರ ಬೇಡ ಅಪ್ಪಾ, ಕಾರು ಇರಲ್ಲ" ಎಂದು ಹೇಳಿ ಅವಳು ಬೆಳಿಗ್ಗೆ ಹೋದಳು. ಅಮ್ಮ ನೀರಿನ ತೊಟ್ಟಿ ತೊಳೆಯುವ ಕೆಲಸ ಹಚ್ಚಿದರು. ತೊಟ್ಟಿ ಅರ್ಧ ತೊಳೆದ ಮೇಷ್ಟ್ರು, ಅಮ್ಮ ಬಟ್ಟೆ ಒಣಹಾಕಲು ಮಹಡಿ ಹತ್ತಿದ ಹೊತ್ತಿಗೆ ಸರಿಯಾಗಿ, ಬಾಡಿಗೆ ಗಾಡಿ ಕರೆದರು. ಈಗ ಹೇಳುವವರು ಕೇಳುವವರು ಯಾರೂ ಇಲ್ಲ, ಮೂರರಲ್ಲಿ ಯಾವುದನ್ನು ಬೇಕಾದರೂ ಒಯ್ಯಬಹುದು. ಚಂಡಿಯ ರೆಕ್ಕೆಗೆ ಹೊಸ ಹಾಳೆ ಹಾಕಿ ಆಗಿತ್ತು. ಅವಳ ಮುಂದೆ ಒಂದು ಗಳಿಗೆ ನಿಂತರು. ಆಮೇಲೆ, ಮನೆಯವರು ಅಷ್ಟು ಹೇಳುತ್ತಾರಲ್ಲ, ಅವರ ಮಾತಿಗೂ ಬೆಲೆ ಬೇಡವೇ ಎಂದುಕೊಂಡು ಅಜ್ಜಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಟರು. ಮನೆಯವರ ಮಾತು ಕೇಳಿದ್ದೇ ತಪ್ಪಾಯಿತು. ಚಂಡಿಯನ್ನು ಒಯ್ದಿದ್ದರೆ ಅವಳು ಬೀಳುತ್ತಿದ್ದಳೋ ಏನೋ, ಮನೆಯವರ ಗುಟ್ಟು ಮಾತ್ರ ಹೊರಬೀಳುತ್ತಿರಲಿಲ್ಲ.

ಬಯಲಿನಲ್ಲಿ ಅಜ್ಜಿಯ ಬ್ಯಾಟರಿ ಜೋಡಿಸಿ ರಿಮೋಟು ಹಾಕಿದರು. ಅಜ್ಜಿ ಮಿಸುಕಲಿಲ್ಲ. ಬ್ಯಾಟರಿ ಕಿತ್ತು ಮತ್ತೆ ಜೋಡಿಸಿದರು. ತಂತಿಗಳನ್ನು ಒಂದೊಂದಾಗಿ ಎಳೆದು ನೋಡಿದರು. ಸೆಕ್ರೆಟರಿ ಚಹಾ ಲೋಟ ಹಿಡಿದುಕೊಂಡು ಬಂದ.

"ಮಗಳು ಬಂದಿಲ್ವಾ ಮೇಷ್ಟ್ರೇ?"

"ಪರೀಕ್ಷೆ ಇದೆ ಅವಳಿಗೆ. ಇದ್ಯಾಕೋ ಕೈ ಕೊಡ್ತಾ ಇದೆ ನೋಡು."

"ಕೆಟ್ಟಿಲ್ಲ ಬಿಡಿ. ಅದು ಅವಳ ರಿಮೋಟಿಗೆ ತಾನೇ ಕಟ್ಟಿರೋದು? ಅವಳಿಲ್ದೆ ಏಳಲ್ಲ."

"ಅವಳದ್ದು ಬ್ಯಾಟರಿ ನೋಡೋದಕ್ಕಪ್ಪ."

ಸೆಕ್ರೆಟರಿ ನಕ್ಕ. ಮೇಷ್ಟ್ರು ನಗದಿರುವುದನ್ನು ಕಂಡು ಅವನ ನಗು ಅರ್ಧಕ್ಕೆ ನಿಂತಿತು. "ನಿಮಗೆ... ಹೇಳಿಲ್ವಾ ಅವಳು?"

ತಾಡಪಾಲಿನ ಕೆಳಗೆ ಕೂತವರೆಲ್ಲ ತಮ್ಮ ತಮ್ಮ ಲೋಟದೊಳಗೆ ಇಣುಕಿ ನೋಡತೊಡಗಿದರು. ಅವರೆಲ್ಲರಿಗೂ ಗೊತ್ತಿತ್ತು. ಆರು ವಾರ ಚಪ್ಪಾಳೆ ತಟ್ಟಿದ್ದು ಇವರೇ. ಮೇಷ್ಟ್ರು ಅಜ್ಜಿಯ ರೆಕ್ಕೆಯನ್ನು ಬಿಗಿದಿದ್ದ ರಬ್ಬರ್ ಬ್ಯಾಂಡುಗಳನ್ನು ಒಂದೊಂದಾಗಿ ಬಿಚ್ಚಿ, ಎಣಿಸಿ, ಜೇಬಿಗೆ ಹಾಕಿಕೊಂಡು ಮನೆಗೆ ಬಂದರು. ಅಮ್ಮ ಕೇಳಿದ್ದಕ್ಕೆ ಗಾಳಿ ಜಾಸ್ತಿ, ಹಾರಿಸಲಿಲ್ಲ ಎಂದು ಹೇಳಿ ಉಳಿದ ಅರ್ಧ ತೊಟ್ಟಿಯನ್ನೂ ತೊಳೆದರು.

ವಾರವಿಡೀ ಮನೆಯಲ್ಲಿ ಅದರ ಸುದ್ದಿ ಎತ್ತಲಿಲ್ಲ. ಗಿರಾಕಿಯೊಬ್ಬರು ಸೆಟ್ಟು ವಾಪಸು ತಂದು "ಕಚ್ಚಿದ್ರೆ ಒಂದು ಕಡೆ ಏಳುತ್ತೆ" ಎಂದಾಗ, ಯಾವ ಕಡೆ ಎಂದು ಕೇಳಿದರು. ಎಡಗಡೆ ಎಂದರು ಅವರು. ಮೇಷ್ಟ್ರು ಆ ಸೆಟ್ಟನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು.

ಶನಿವಾರ ಸಂಜೆ ಅಮ್ಮ ಕೇಳುವ ಮೊದಲೇ ಅವರು ಕೇಳಿದರು. "ನಾಳೆ ಯಾವುದು?"

"ಅಜ್ಜೀನೇ," ಎಂದರು ಅಮ್ಮ.

"ಯಾಕೆ?"

"ಯಾಕೆ ಅಂದ್ರೆ... ಗಾಳಿ ಅಲ್ವಾ ಈಗ."

"ನೀನೇನಂತೀಯ ಮಗಳೇ?"

"ಗಾಳಿ ಇದೆ ಅಪ್ಪಾ. ಅಜ್ಜಿ ಆದ್ರೆ ನಿನ್ನ ಕೈಗೆ ಚೆನ್ನಾಗಿ ಕೂತಿದಾಳೆ."

"ನನ್ನ ಕೈಗೆ," ಎಂದರು ಮೇಷ್ಟ್ರು. "ಅಳಿಯಂದ್ರೇ, ನೀವು?"

ಅಳಿಯ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ನಾಲ್ಕು ಮಾಡಿದ, ಎಂಟು ಮಾಡಿದ. "ಉಪ್ಪು ತಿಂದ ಮನೆ ಮಾವ. ನನ್ನನ್ನ ಕೇಳ್ಬೇಡಿ." ಸುಳ್ಳು ಹೇಳದವನು ಅವನೊಬ್ಬನೇ. ನಿಜ ಹೇಳಿದ್ದೂ ಇಲ್ಲ.

"ಸರಿ. ಅಜ್ಜೀನೇ," ಎಂದರು ಮೇಷ್ಟ್ರು.

ಭಾನುವಾರ ಬಯಲಿನಲ್ಲಿ ಜನ ಎಂದಿಗಿಂತ ಹೆಚ್ಚು ನಯವಾಗಿದ್ದರು. ಸೆಕ್ರೆಟರಿ ಅಂಗಡಿಯಲ್ಲಿ ಕೆಲಸವಿದೆ ಎಂದು ಬಂದಿರಲಿಲ್ಲ. ಮಗಳಿಗೆ ಒಂದು ಮಾತು ತಿಳಿಸುವ ಧೈರ್ಯವೂ ಅವನಿಗೆ ಬಂದಿರಲಿಲ್ಲ. ಅಜ್ಜಿ ಮೇಲೇರಿದಳು. ಮೇಷ್ಟ್ರು ಕಡ್ಡಿಗಳನ್ನು ಎಂದಿನಂತೆ ಆಡಿಸಿದರು, ಮಗಳು ಎಂದಿನಂತೆ "ಬ್ಯಾಟರಿ ಅರ್ಧ ಇದೆ" ಎಂದು ಕೂಗಿದಳು. ಕೊನೆಯ ಸುತ್ತು ಮುಗಿದು ಅಜ್ಜಿ ಇಳಿಯಲು ತಿರುಗಿದಾಗ ಮೇಷ್ಟ್ರು ಕೊರಳಿನಿಂದ ರಿಮೋಟು ತೆಗೆದು ಹುಲ್ಲಿನ ಮೇಲಿಟ್ಟರು. ಎರಡೂ ಕೈಗಳನ್ನು ತಲೆಯ ಮೇಲೆತ್ತಿ ನಿಂತರು.

ಮಗಳು ನೋಡಿದಳು. ನೋಡಿದರೂ ಕೈ ಬಿಡುವ ಹಾಗಿರಲಿಲ್ಲ. ಬಿಟ್ಟರೆ ಅಜ್ಜಿ ಬೀಳುತ್ತಾಳೆ. ಅಪ್ಪನ ಎತ್ತಿದ ಕೈಗಳ ಪಕ್ಕದಲ್ಲೇ ನಿಂತು, ತುಟಿ ಕಚ್ಚಿಕೊಂಡು, ಅವಳು ಅಜ್ಜಿಯನ್ನು ಇಳಿಸಲೇಬೇಕಾಯಿತು. ಅಜ್ಜಿ ನೆಲ ಮುಟ್ಟಿದ್ದೇ ಗೊತ್ತಾಗಲಿಲ್ಲ. ರೂಢಿಯಿಂದ ಯಾರೋ ಇಬ್ಬರು ಚಪ್ಪಾಳೆ ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು.

"ಚೆನ್ನಾಗಿ ಇಳಿಸಿದೆ ಅಲ್ವಾ?" ಎಂದರು ಮೇಷ್ಟ್ರು, ಕೈ ಕೆಳಗಿಳಿಸದೆ. "ಪೆನ್ಸಿಲ್ ಕೊಡ್ಲಾ?"

ಜಗಳ ಶುರುವಾಗಿದ್ದು ಕಾರಿನಲ್ಲಲ್ಲ, ಮನೆಯಲ್ಲಿ, ಊಟದ ಮೇಜಿನ ಮುಂದೆ. ಬಡಿಸಿದ್ದು ಬಡಿಸಿದ ಹಾಗೇ ಇತ್ತು.

"ನಿನ್ನ ಒಳ್ಳೇದಕ್ಕೇ ಮಾಡಿದ್ದು ಅಪ್ಪಾ. ಅವರು ನಿನ್ನನ್ನ ಬರಬೇಡ ಅಂತಿದ್ರು."

"ಅಂದಿದ್ರೆ ಹಾಗಂತ ನನಗೆ ಹೇಳ್ಬೇಕಿತ್ತು. ಮನೇಲಿ ಕೂತು ಅಳ್ತಿದ್ದೆ. ನನ್ನ ಅಳು ನನ್ನದಾಗಿರ್ತಿತ್ತು."

"ಹೇಳಿದ್ರೆ ಕೇಳ್ತಿದ್ಯಾ ನೀನು? ಯಾರ ಮಾತು ಕೇಳಿದೀಯ ಜೀವಮಾನದಲ್ಲಿ?"

"ನಿನ್ನ ಕಾರಿನ ಹಿಂದೆ ಎಲ್ ಬೋರ್ಡು ಇರುತ್ತೆ. ನಿನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆ ಅಂತ ನಿನ್ನ ಹತ್ರ ಕಲಿಯೋ ಮಕ್ಕಳಿಗೂ ಗೊತ್ತಿರುತ್ತೆ. ನನ್ನ ಬೆನ್ನ ಮೇಲೂ ಒಂದು ಬೋರ್ಡು ಅಂಟಿಸಬೇಕಿತ್ತು. ಆಗ ನಾನೂ ಓದ್ಕೊಳ್ತಿದ್ದೆ."

"ಬೆನ್ನ ಮೇಲಿಂದು ಓದೋಕಾಗುತ್ತಾ ಮಾವ," ಎಂದು ಅಳಿಯ ತಿಳಿ ಮಾಡಲು ನೋಡಿದ. ಮೂವರೂ ಅವನ ಕಡೆ ತಿರುಗಿದರು. ಅವನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದ.

ಮೇಷ್ಟ್ರು ಅಮ್ಮನ ಕಡೆ ತಿರುಗಿದರು. "ಆ ಇಸ್ತ್ರಿ ಪೆಟ್ಟಿಗೆ?"

ಅಮ್ಮ ಸೆರಗು ಹಿಂಡಿದರು. "ಹೌದು. ಬೇಕಂತಲೇ ಇಟ್ಟೆ."

"ನಾನು ನಿನ್ನ ಕೈ ನೋಡಿದೆ. ಸುಟ್ಟಿದೆಯಾ ಅಂತ."

"ಅದಕ್ಕೇ ರೀ, ಅವತ್ತಿಂದ ನನಗೂ ಅನ್ನ ಇಳೀತಿಲ್ಲ."

"ಲೋಟ ಬಲಗಡೆ ಯಾಕೆ ಬಂತು ಅಂತ ಈಗ ತಿಳೀತು." ಅವರು ಎದ್ದು ಲೋಟವನ್ನು ಎತ್ತಿ ಎಡಗಡೆ ಕುಕ್ಕಿದರು. ನೀರು ಚೆಲ್ಲಿತು. "ಅಲ್ಲೇ ಇರ್ಲಿ. ಉರುಳಿದ್ರೆ ನಾನು ಒರೆಸ್ತೀನಿ. ನಂಬಿದ ಮನೆಯವರೇ ಕಿವಿ ಮೇಲೆ ಹೂ ಇಟ್ರಲ್ಲ, ಊರೋರನ್ನ ಅಂದು ಏನು ಬಂತು!"

ಮರುದಿನ ಯಾರಿಗೂ ಹೇಳದೆ ಕಣ್ಣಿನ ಆಸ್ಪತ್ರೆಗೆ ಹೋಗಿ ಬಂದರು. ಅಮ್ಮ ಚೀಟಿ ನೋಡಿದರು. ಪಕ್ಕದ ನೋಟ ಹೋಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಲು ದಿನಕ್ಕೆ ಎರಡು ಸಲ ಹನಿ ಹಾಕಬೇಕು. ಹನಿ ಹಾಕಲು ಅಮ್ಮ ಬಂದರೆ ಬೇಡವೆಂದರು. ತಾವೇ ಕನ್ನಡಿಯ ಮುಂದೆ ನಿಂತು ಹಾಕಿಕೊಂಡರು. ಅರ್ಧ ಕೆನ್ನೆಯ ಮೇಲೆ ಇಳಿಯಿತು.

ಎರಡು ಶನಿವಾರ ಯಾರೂ ಏನೂ ಕೇಳಲಿಲ್ಲ. ಮೂರನೆಯ ಶನಿವಾರ ಮಗಳು ಕೆಲಸದಿಂದ ಬಂದಾಗ ಮೇಷ್ಟ್ರು ಹಜಾರದಲ್ಲಿ ಅಜ್ಜಿಯ ರೆಕ್ಕೆಯನ್ನು ಮಗುಚಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಒಂದು ರಬ್ಬರಿನ ತುಂಡು.

"ಬಾ ಇಲ್ಲಿ. ನೀನು ಬರೆದದ್ದು ನೀನೇ ಅಳಿಸು."

"ಬೇಡ ಅಪ್ಪಾ. ಇರ್ಲಿ ಬಿಡು."

"ಸುಳ್ಳು ಸಾಕ್ಷಿ ನನ್ನ ವಿಮಾನದ ಮೇಲೆ ಬೇಡ."

ಅವಳು ಕೂತಳು. ಒಂದೊಂದೇ ತಾರೀಕು ಉಜ್ಜಿದಳು. ಮೆತ್ತನೆಯ ಮರ, ಸೀಸ ಹೋದರೂ ಒತ್ತಿದ ಗೆರೆ ಹೋಗುವುದಿಲ್ಲ. ನಾಲ್ಕು ಸಲ "ಅಪ್ಪ" ಎಂದು ಬರೆದದ್ದನ್ನು ನಾಲ್ಕು ಸಲ ಅಳಿಸಿದಳು. ಮೂಗು ಎಳೆದುಕೊಂಡು ರಬ್ಬರನ್ನು ಕೆಳಗಿಟ್ಟಳು. "ಆಯ್ತಾ? ಸಮಾಧಾನ ಆಯ್ತಾ ನಿನಗೆ?"

ಮೇಷ್ಟ್ರು ರಬ್ಬರು ಎತ್ತಿಕೊಂಡರು. ರೆಕ್ಕೆಯನ್ನು ತಿರುಗಿಸಿ, ಮುಖವನ್ನು ಹತ್ತಿರ ತಂದು, ಮೂಲೆಯಲ್ಲಿದ್ದ ಮೊದಲ ಸಾಲನ್ನು ಉಜ್ಜತೊಡಗಿದರು.

"ಅಪ್ಪಾ! ಅದು ನಂದು!"

"ಬರೆದದ್ದು ನಾನು."

ಅವಳ ಕೈ ಅವರ ಮಣಿಕಟ್ಟಿನ ಮೇಲೆ ನಿಂತಿತು. ಅಡುಗೆಮನೆಯ ಬಾಗಿಲಿಗೆ ಅಮ್ಮ ಬಂದರು, ಕೈಯಲ್ಲಿ ಸೌಟು.

"ಅವತ್ತು ಜೋಡಿ ರಿಮೋಟಿನ ಗುಂಡಿ ಬಿಟ್ಟಿದ್ಯಾ ನೀನು?" ಎಂದಳು ಮಗಳು.

"ಮಂಡಿ ಎತ್ತರಕ್ಕೆ ಬಂದಾಗ ಮೂಗು ಕೆಳಗೆ ಹಾಕಿದೆ ನೀನು. ಅಜ್ಜಿ ಒಡೆದು ಹೋಗ್ತಿದ್ಲು. ಬಿಟ್ಟೆ."

"ಇಲ್ಲ ಅಂದಿದ್ದೆ. ನನ್ನ ತಲೆ ಮೇಲೆ ಕೈ ಇಟ್ಟು ಆಣೆ ಮಾಡಿದ್ದೆ."

"ಹ್ಞೂಂ."

"ಇಪ್ಪತ್ತಮೂರು ವರ್ಷ, ಅಪ್ಪಾ."

"ನಿನ್ನ ಮುಖ ನೋಡಿ ಬರೆದೆ. ನೀನು ನನ್ನ ಮುಖ ನೋಡಿ ಬರೆದ ಹಾಗೇ. ಮಾಡೋನಿಗೆ ಅದು ಎಷ್ಟು ಸಲೀಸು ಅಂತ ನನಗೆ ಗೊತ್ತು. ಮಾಡಿಸಿಕೊಂಡೋನಿಗೆ ಹೇಗಿರುತ್ತೆ ಅಂತ ಗೊತ್ತಿರ್ಲಿಲ್ಲ."

"ನನಗೂ ಹೇಳ್ಲಿಲ್ವಲ್ರೀ," ಎಂದರು ಅಮ್ಮ ಬಾಗಿಲಿನಿಂದ. "ಬೀದಿಗೆಲ್ಲ ಸಕ್ಕರೆ ಹಂಚಿದೆ ನಾನು."

ಮಗಳು ಕೈ ತೆಗೆದಳು. ಮೇಷ್ಟ್ರು ಉಳಿದ ಅಕ್ಷರಗಳನ್ನೂ ಅಳಿಸಿ, ಪುಡಿಯನ್ನು ಊದಿ, ರೆಕ್ಕೆಯನ್ನು ಗೋಡೆಗೆ ಒರಗಿಸಿದರು. ಆ ಸಂಜೆ ಅಳಿಯ ತಂದ ಬ್ರೆಡ್ಡನ್ನು ಯಾರೂ ಕತ್ತರಿಸಲಿಲ್ಲ.

ಭಾನುವಾರ ಬೆಳಿಗ್ಗೆ ಮಗಳು ಅಜ್ಜಿಯನ್ನು ಕಾರಿಗೆ ಹಾಕಿದಳು. ಮದುಮಗಳ ದುಪ್ಪಟಿಯ ಕಡೆ ತಿರುಗಿಯೂ ನೋಡಲಿಲ್ಲ.

"ನಾನೂ ಬರ್ಲಾ?" ಎಂದ ಅಳಿಯ.

"ಯಾರೂ ಬರ್ಬೇಡಿ. ನನ್ನ ಹತ್ರ, ನನ್ನ ಹಿಂದೆ, ಯಾರೂ ನಿಲ್ಲೋದು ಬೇಡ."

ಕ್ಲಬ್ಬಿನವರು ಸೇರುವ ಬಯಲಿಗೆ ಅವಳು ಹೋಗಲಿಲ್ಲ. ಹಳೆಯ ಇಟ್ಟಿಗೆ ಗೂಡಿನ ಆಚೆ ಖಾಲಿ ಜಾಗವೊಂದಿತ್ತು, ಅಲ್ಲಿಗೆ ಹೋದಳು. ಈ ವರ್ಷಗಳಲ್ಲಿ ಅವಳು ಅಜ್ಜಿಯನ್ನು ನೂರಾರು ಸಲ ಇಳಿಸಿದವಳೇ. ಆದರೂ ಕೊನೆಯ ಹತ್ತು ಅಡಿ ಬಂದಾಗ ಅವಳು ಒಮ್ಮೆ ಹಿಂದಕ್ಕೆ ತಿರುಗಿ ನೋಡಿಯೇ ಬಿಟ್ಟಳು. ಯಾರೂ ಇರಲಿಲ್ಲ.

ಊಟದ ಹೊತ್ತಿಗೆ ಮನೆಗೆ ಬಂದಳು. ಮೇಷ್ಟ್ರು ಮೇಜಿನ ಮುಂದೆ ಕೂತಿದ್ದರು, ಎಡಗಡೆ ಲೋಟ.

"ಹೇಗೆ ಇಳೀತು?" ಎಂದರು.

"ಚೆನ್ನಾಗೇ ಇಳೀತು. ಮುಟ್ಟಿದ್ದೇ ಗೊತ್ತಾಗ್ಲಿಲ್ಲ."

ಮೇಷ್ಟ್ರು ಕಿವಿಯ ಮೇಲಿಂದ ಪೆನ್ಸಿಲ್ ತೆಗೆದರು. ರೆಕ್ಕೆಗಾಗಿ ಕೈ ಚಾಚಿದರು. "ಕೊಡು. ಬರೀತೀನಿ."

"ನೋಡಿದವರು ಬರೀಬೇಕು ಅಲ್ವಾ ಅಪ್ಪಾ."

"ನೀನು ಹೇಳಿದೆಯಲ್ಲ. ಸಾಕು ನನಗೆ. ನಂಬ್ತೀನಿ."

ಮಗಳು ರೆಕ್ಕೆಯನ್ನು ಎದೆಗೆ ಹಿಡಿದುಕೊಂಡು ನಿಂತೇ ಇದ್ದಳು. ಅಪ್ಪನ ಚಾಚಿದ ಕೈ ನೋಡಿದಳು, ಊರಿನ ಅರ್ಧ ಮುದುಕರನ್ನು ನಗಿಸಿದ ಕೈ.

"ನೀನು ನಂಬ್ತೀಯ," ಎಂದಳು. "ನೀನು ಬರೆದ್ರೆ ನನಗೆ ನಂಬಿಕೆ ಬರಲ್ಲ."

ಅವಳು ರೆಕ್ಕೆಯನ್ನು ಒಳಗೆ ಕೊಂಡೊಯ್ದು ಬೀರುವಿನ ಮೇಲೆ, ದುಪ್ಪಟಿಯ ಪಕ್ಕದಲ್ಲಿಟ್ಟು ಬಂದಳು. ಅಮ್ಮ ನಾಲ್ಕು ತಟ್ಟೆ ಹಾಕಿದರು. ಮೇಷ್ಟ್ರು ಪೆನ್ಸಿಲನ್ನು ಮೇಜಿನ ಮೇಲಿಟ್ಟು, ಎಡಗೈಯಿಂದ ತಡವುತ್ತ ಲೋಟ ಹುಡುಕಿದರು. ಲೋಟ ಉರುಳಿತು. ಯಾರೂ ಏಳಲಿಲ್ಲ. ಒರೆಸುತ್ತೇನೆ ಎಂದವರು ಅವರೇ.